ಹೋಮಿ ಭಾಭಾ ಮತ್ತು ನಮ್ಮ ತಾತ ನೋಡಿದ ಮಿನುಗುವ ಗೋಡೆ

ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಬರೆದುಕೊಡಬೇಕು ಅಂತ ವಿಜ್ಞಾನದ ಮೇಷ್ಟ್ರು ನನಗೆ ಹೇಳಿದರು. ಯಾರ ಬಗ್ಗೆ ಬರೆಯೋದು ಅಂತ ನಾನು ಹೆಚ್ಚು ಯೋಚನೆ ಮಾಡಲಿಲ್ಲ. ವಿಜ್ಞಾನ ದಿನದಂದು ನಮ್ಮ ಶಾಲೆಗೆ ಬಂದಿತ್ತಲ್ಲ ಆ ಕಪ್ಪು ಪೆಟ್ಟಿಗೆ, ಆವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವವರು ಒಬ್ಬರೇ. ಅವರು ಹೋಮಿ ಜಹಾಂಗೀರ್ ಭಾಭಾ.

ಆವತ್ತು ರಜೆ ಹಾಕಿದವರಿಗೆ ಗೊತ್ತಾಗಲಿ ಅಂತ ಮೊದಲು ಪೆಟ್ಟಿಗೆಯ ವಿಷಯ ಹೇಳಿಬಿಡುತ್ತೇನೆ. ಕಾಲೇಜಿನ ಅಕ್ಕ ಅಣ್ಣಂದಿರು ಎರಡು ಪ್ಲಾಸ್ಟಿಕ್ ಬಿಲ್ಲೆ ತಂದಿದ್ದರು. ಒಂದೊಂದೂ 5 ಸೆಂಟಿಮೀಟರ್ ಚೌಕ, ಬೆರಳಿನಷ್ಟು ದಪ್ಪ. ಅದರ ಮೇಲೆ ಬೆಳ್ಳಿ ಕಾಗದ, ಅದರ ಮೇಲೆ ಕಪ್ಪು ಟೇಪು. ಅದು ನಮ್ಮ ಮನೆಯ ಬಕೆಟ್ಟಿನ ಪ್ಲಾಸ್ಟಿಕ್ ಅಲ್ಲ. ವಿದ್ಯುತ್ ಅಂಶ ಇರುವ ಸಣ್ಣ ಕಣವೊಂದು ಅದರೊಳಗೆ ತೂರಿಹೋದರೆ ಆ ದಾರಿಯುದ್ದಕ್ಕೂ ಮಸುಕಾದ ನೀಲಿ ಬೆಳಕು ಹುಟ್ಟುತ್ತದೆ. ನಮ್ಮ ಕಣ್ಣಿಗೆ ಕಾಣದಷ್ಟು ಮಸುಕು. ಅದನ್ನು ನೋಡುವುದಕ್ಕೆ ಬಿಲ್ಲೆಗೆ ಒಂದು ಸಿಲಿಕಾನ್ ಚೂರು ಅಂಟಿಸಿದ್ದರು. ಗಾತ್ರದಲ್ಲಿ ತೊಗರಿ ಕಾಳಿನಷ್ಟು, ಆದರೆ ಅದರ ಮೈಮೇಲೆ ಸಾವಿರಾರು ಸಣ್ಣ ಸಣ್ಣ ಕೋಣೆಗಳು. ಬೆಳಕಿನ ಒಂದೇ ಒಂದು ಕಣ, ಅಂದರೆ ಒಂದು ಫೋಟಾನ್, ಒಂದು ಕೋಣೆಯೊಳಗೆ ಬಿದ್ದರೂ ಸಾಕು, ಅಲ್ಲಿ ಒಂದು ಎಲೆಕ್ಟ್ರಾನ್ ಎದ್ದು, ಅದು ಇನ್ನೊಂದನ್ನು ಎಬ್ಬಿಸಿ, ಅವೆರಡೂ ಮತ್ತಷ್ಟನ್ನು ಎಬ್ಬಿಸಿ, ಗುಡ್ಡ ಜರಿದ ಹಾಗೆ ಕರೆಂಟು ಹರಿಯುತ್ತದೆ. ಇದಕ್ಕೆಲ್ಲ ಬೇಕಾಗಿದ್ದು ಸುಮಾರು 30 ವೋಲ್ಟ್ ಮಾತ್ರ.

ಆದರೆ ಒಂದು ತೊಂದರೆ ಇದೆ. ಬೆಳಕೇ ಬೀಳದಿದ್ದರೂ ಸಿಲಿಕಾನ್ ತನ್ನ ಮೈ ಬಿಸಿಗೇ ಆಗಾಗ ಸುಳ್ಳು ಲೆಕ್ಕ ಕೊಡುತ್ತದೆ. ಹಾಗಾಗಿ ಎರಡು ಬಿಲ್ಲೆಗಳನ್ನು ಒಂದರ ಮೇಲೆ ಒಂದು ಇಟ್ಟು, ಎರಡರಲ್ಲೂ ಒಂದೇ ಕ್ಷಣಕ್ಕೆ ಬೆಳಕು ಕಂಡರೆ ಮಾತ್ರ ಎಣಿಸು ಅಂತ ಯಂತ್ರಕ್ಕೆ ಹೇಳಿಕೊಟ್ಟಿದ್ದರು. ಎರಡನ್ನೂ ಸೀಳಿಕೊಂಡು ಹೋಗುವ ಆ ಕಣದ ಹೆಸರು ಮ್ಯೂಯಾನ್. ಅದು ಆಕಾಶದಿಂದ ಬರುತ್ತದೆ. ಈಗ ನೀವು ಇದನ್ನು ಓದುತ್ತಾ ನಿಂತಿರುವಾಗಲೂ ನಿಮ್ಮ ಅಂಗೈಯಷ್ಟು ಜಾಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಯಾನ್ ತೂರಿಹೋಗುತ್ತಾ ಇದೆ. ನೋವಿಲ್ಲ, ಸದ್ದಿಲ್ಲ.

ನನ್ನ ತಪ್ಪನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಆ ನೀಲಿ ಬೆಳಕು ನೋಡೋಣ ಅಂತ ನಾನು ಯಾರಿಗೂ ಕಾಣದ ಹಾಗೆ ಟೇಪಿನ ಒಂದು ಮೂಲೆ ಎತ್ತಿದೆ. ಹೊರಗಿನ ಬೆಳಕು ಒಳಗೆ ನುಗ್ಗಿತು. ಆ ಬಿಲ್ಲೆಯ ಲೆಕ್ಕ ಹುಚ್ಚು ಕುದುರೆ ಓಡಿದ ಹಾಗೆ ಓಡಿತು, ಆಮೇಲೆ ಪೂರ್ತಿ ಕೆಟ್ಟು ನಿಂತಿತು. ಕಾಲೇಜಿನ ಅಕ್ಕ ಬೈಯಲಿಲ್ಲ. ಟೇಪಿನ ಸುರುಳಿ ನನ್ನ ಕೈಗೇ ಕೊಟ್ಟು, ನೀನೇ ಮತ್ತೆ ಸುತ್ತು ಅಂದರು. ಸುತ್ತುವುದಕ್ಕೆ ಅರ್ಧ ಗಂಟೆ ಆಯಿತು. ಅಷ್ಟು ಹೊತ್ತು ಅಕ್ಕನ ಪಕ್ಕ ಕೂತಿದ್ದರಿಂದಲೇ ಈ ವಿಷಯವೆಲ್ಲ ನನಗೆ ತಿಳಿಯಿತು.

ಬಿಲ್ಲೆಗಳನ್ನು 5 ಸೆಂಟಿಮೀಟರ್ ಅಂತರದಲ್ಲಿ ಮೇಲೆ ಕೆಳಗೆ ಇಟ್ಟಾಗ 10 ನಿಮಿಷಕ್ಕೆ 48 ಬಂತು. ಪಕ್ಕಕ್ಕೆ ಮಲಗಿಸಿ ಕಿಟಕಿಯ ಕಡೆಗೆ ತಿರುಗಿಸಿದಾಗ 10 ನಿಮಿಷಕ್ಕೆ 9. ಮೇಲಿನಿಂದ ಹೆಚ್ಚು ಬರುತ್ತವೆ, ಪಕ್ಕದಿಂದ ಕಡಿಮೆ. ಅಲ್ಲಿಯವರೆಗೆ ನನಗೆ ಎಲ್ಲ ಸರಿಯಾಗಿಯೇ ಕಂಡಿತು. ಆಮೇಲೆ ಅಕ್ಕ ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿದರು. ಮ್ಯೂಯಾನಿನ ಆಯಸ್ಸು ಸರಾಸರಿ 2.2 ಮೈಕ್ರೋಸೆಕೆಂಡ್. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು ಚಿಲ್ಲರೆ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರೊಳಗೆ ಅದು ಹೋಗುವುದು 660 ಮೀಟರ್. ಆದರೆ ಅದು ಹುಟ್ಟುವುದು ನಮ್ಮ ತಲೆಯ ಮೇಲೆ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ದಾರಿಯಲ್ಲೇ ಸತ್ತುಹೋಗಬೇಕಾದದ್ದು ನಮ್ಮ ಬಿಲ್ಲೆಯೊಳಗೆ ಹೇಗೆ ಬಂತು? ಇದಕ್ಕೆ 1938ರಲ್ಲೇ ಭಾಭಾ ಅವರು ಉತ್ತರ ಬರೆದಿದ್ದಾರೆ ಅಂತ ಹೇಳಿ ಅಕ್ಕ ಪೆಟ್ಟಿಗೆ ಕಟ್ಟಿಕೊಂಡು ಬಸ್ಸಿಗೆ ಹೊರಟುಹೋದರು.

ಸಂಜೆ ಮನೆಗೆ ಹೋಗಿ ತಾತನಿಗೆ ಹೇಳಿದೆ. ನಮ್ಮ ತಾತ ಕೆ.ಜಿ.ಎಫ್.ನಲ್ಲಿ ಚಾಂಪಿಯನ್ ರೀಫ್ ಗಣಿಯ ಕೂಲಿ ಮಾಡಿದವರು ಅಂತ ನಿಮಗೆ ಗೊತ್ತು. ಭಾಭಾ ಅಂದಾಗ ತಾತ ಸುಮ್ಮನಿದ್ದರು. ಕಾಣದ ಕಣ ಎಣಿಸುವುದು ಅಂದ ತಕ್ಷಣ ಎದ್ದು ಕೂತರು. ಆ ಕಥೆ ಆಮೇಲೆ ಬರುತ್ತದೆ. ಮೊದಲು ಭಾಭಾ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಒಂದು ಪಾರ್ಸಿ ಮನೆತನದಲ್ಲಿ. ಅವರಿಗೆ ಇಟ್ಟಿದ್ದು ತಾತನ ಹೆಸರು. ಆ ತಾತ ಹೊರ್ಮುಸ್‌ಜಿ ಭಾಭಾ ಯಾರು ಗೊತ್ತಾ? ನಮ್ಮ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ದೊಡ್ಡ ಅಧಿಕಾರಿ, ಇನ್‌ಸ್ಪೆಕ್ಟರ್ ಜನರಲ್. ತಂದೆ ಜಹಾಂಗೀರ್ ಭಾಭಾ ಬೆಳೆದದ್ದು ಬೆಂಗಳೂರಿನಲ್ಲಿ, ಓದಿದ್ದು ಆಕ್ಸ್‌ಫರ್ಡಿನಲ್ಲಿ, ಆಮೇಲೆ ವಕೀಲರಾದರು. ಅತ್ತೆ ಮೆಹರ್‌ಬಾಯಿಯನ್ನು ಟಾಟಾ ಮನೆತನದ ದೊರಾಬ್‌ಜಿ ಟಾಟಾ ಅವರಿಗೆ ಕೊಟ್ಟಿದ್ದರು. ಮನೆ ತುಂಬ ಪುಸ್ತಕ, ಸಂಗೀತದ ರೆಕಾರ್ಡುಗಳು, ಚಿತ್ರಗಳು. ಹುಡುಗ 15ನೇ ವಯಸ್ಸಿಗೇ ಹೈಸ್ಕೂಲಿನ ಕೊನೆ ಪರೀಕ್ಷೆ ಪಾಸು ಮಾಡಿದ.

1927ರಲ್ಲಿ ಅವರನ್ನು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಕಳಿಸಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲಿಕ್ಕೆ. ಓದು ಮುಗಿಸಿ ಬಂದು ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಅಂತ ತಂದೆಯ ಆಸೆ. ಆದರೆ ಅಲ್ಲಿ ಹೋದ ಹುಡುಗನ ಮನಸ್ಸು ಭೌತಶಾಸ್ತ್ರದ ಕಡೆ, ಗಣಿತದ ಕಡೆ ಎಳೆಯಿತು. ಎಂಜಿನಿಯರ್ ಕೆಲಸ ನನಗೆ ಒಗ್ಗುವುದಿಲ್ಲ ಅಂತ ತಂದೆಗೆ ಕಾಗದ ಬರೆದರು. ತಂದೆ ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಒಂದು ಷರತ್ತು ಹಾಕಿದರು. ಮೊದಲು ಎಂಜಿನಿಯರಿಂಗ್‌ನಲ್ಲಿ ಫಸ್ಟ್ ಕ್ಲಾಸ್ ತೆಗೆ, ಆಮೇಲೆ ಗಣಿತ ಓದಲಿಕ್ಕೆ ದುಡ್ಡು ಕೊಡುತ್ತೇನೆ ಅಂತ. 1930ರಲ್ಲಿ ಭಾಭಾ ಫಸ್ಟ್ ಕ್ಲಾಸ್ ತೆಗೆದರು. 1932ರಲ್ಲಿ ಗಣಿತದಲ್ಲೂ ಫಸ್ಟ್ ಕ್ಲಾಸ್.

ಈ ಭಾಗ ಓದಿದಾಗ ನನಗೆ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು. ಯಾಕಂದ್ರೆ ನಮ್ಮಪ್ಪನೂ ನನಗೆ ಷರತ್ತು ಹಾಕಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ವಿಜ್ಞಾನ ಎರಡರಲ್ಲೂ ಒಳ್ಳೆ ಅಂಕ ಬಂದರೆ ಪಿಯುಸಿ ಸೈನ್ಸು, ಇಲ್ಲಾಂದ್ರೆ ಐಟಿಐ ಸೇರಿ ಎರಡು ವರ್ಷಕ್ಕೆ ಕೈಗೆ ಕೆಲಸ. ಆದರೆ ಎರಡೂ ಷರತ್ತು ಒಂದೇ ಅಂತ ಹೇಳಿದರೆ ಸುಳ್ಳಾಗುತ್ತದೆ. ಭಾಭಾ ಫೇಲಾಗಿದ್ದರೂ ಅವರಿಗೆ ಉಕ್ಕಿನ ಕಾರ್ಖಾನೆ ಇತ್ತು, ಟಾಟಾ ಮನೆ ಇತ್ತು. ದೊಡ್ಡವರ ಜೀವನ ಬರೆಯುವವರು ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ನಾನು ಬರೆದಿದ್ದೇನೆ. ಹಾಗಂತ ಫಸ್ಟ್ ಕ್ಲಾಸನ್ನು ಯಾರೂ ಅವರಿಗೆ ಕೊಂಡುಕೊಡಲಿಲ್ಲ, ಅದೂ ನಿಜ.

ಆ ಕಾಲದ ಕೇಂಬ್ರಿಜ್ ಹೇಗಿತ್ತು ಅಂದ್ರೆ, ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿನ ಹಾಗಿತ್ತು. 1932ರಲ್ಲಿ ಅಲ್ಲಿಯ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲೇ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದರು. ನಮ್ಮ ಪಾಠದಲ್ಲಿ ಒಂದು ಸಾಲಿನಲ್ಲಿ ಬರುತ್ತದಲ್ಲ, ಅದೇ. ಭಾಭಾ ಆರಿಸಿಕೊಂಡದ್ದು ವಿಶ್ವಕಿರಣಗಳನ್ನು. 1912ರಲ್ಲಿ ಆಸ್ಟ್ರಿಯಾದ ವಿಕ್ಟರ್ ಹೆಸ್ ಅನ್ನುವವರು ಬಲೂನಿನಲ್ಲಿ 5 ಕಿಲೋಮೀಟರಿಗೂ ಮೇಲೆ ಏರಿ, ಮೇಲೆ ಹೋದಷ್ಟೂ ಒಂದು ವಿಕಿರಣ ಜಾಸ್ತಿಯಾಗುತ್ತದೆ, ಅದು ಭೂಮಿಯದ್ದಲ್ಲ, ಹೊರಗಿನದು ಅಂತ ತೋರಿಸಿದ್ದರು. ಅದು ಏನು, ಅದರೊಳಗೆ ಯಾವ ಯಾವ ಕಣ ಇವೆ ಅನ್ನುವುದು ಇನ್ನೂ ಗೊಂದಲದಲ್ಲೇ ಇತ್ತು. 1933ರಲ್ಲಿ ಭಾಭಾ ಬರೆದ ಮೊದಲ ಪ್ರಬಂಧವೇ ಈ ಕಿರಣಗಳು ವಸ್ತುವಿನೊಳಗೆ ಹೇಗೆ ಕರಗುತ್ತವೆ ಅನ್ನುವುದರ ಬಗ್ಗೆ.

1937ರಲ್ಲಿ ಹೈಟ್ಲರ್ ಎಂಬ ವಿಜ್ಞಾನಿಯ ಜೊತೆ ಸೇರಿ ಅವರು ಮಾಡಿದ ಲೆಕ್ಕ ನನಗೆ ಬಹಳ ಇಷ್ಟವಾಯಿತು. ಗಾಳಿಯಲ್ಲೋ ಸೀಸದ ತಗಡಿನಲ್ಲೋ ವೇಗದ ಒಂದು ಎಲೆಕ್ಟ್ರಾನ್ ಹೋಗುತ್ತಾ ಇದೆ ಅಂತ ಇಟ್ಟುಕೊಳ್ಳಿ. ಪರಮಾಣು ಬೀಜದ ಹತ್ತಿರ ಬಂದಾಗ ಅದು ಬೆಳಕಿನ ಒಂದು ಜೋರಾದ ಕಣವನ್ನು ಉಗುಳುತ್ತದೆ. ಆ ಬೆಳಕಿನ ಕಣ ಮುಂದೆ ಹೋಗಿ ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಆಗಿ ಒಡೆಯುತ್ತದೆ. ಅವೂ ಬೆಳಕು ಉಗುಳುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಕಣಗಳ ಒಂದು ಜಡಿಮಳೆ. ಪ್ರತಿ ಸಲ ಶಕ್ತಿ ಹಂಚಿಹೋಗುವುದರಿಂದ ಕೊನೆಗೆ ಯಾವುದಕ್ಕೂ ಕಸುವು ಉಳಿಯದೆ ಮಳೆ ನಿಂತುಹೋಗುತ್ತದೆ. ಪ್ರಯೋಗ ಮಾಡಿದವರು ಇಂಥ ಮಳೆಯನ್ನು ಮೊದಲೇ ಕಂಡಿದ್ದರು, ಕಾರಣ ಗೊತ್ತಿರಲಿಲ್ಲ. ಲೆಕ್ಕ ಸರಿಹೊಂದಿತು.

ಆದರೆ ಕೆಲವು ಕಣಗಳು ಮಾತ್ರ ಈ ಲೆಕ್ಕಕ್ಕೆ ಬಗ್ಗಲಿಲ್ಲ. ದಪ್ಪ ಸೀಸ ಇಟ್ಟರೂ ಮಳೆ ಮಾಡದೆ, ಮೈಗೆ ಏನೂ ತಗುಲದವರ ಹಾಗೆ ಆ ಕಡೆ ಹೊರಬರುತ್ತಿದ್ದವು. ಎಲೆಕ್ಟ್ರಾನ್ ಆಗಿದ್ದರೆ ಹಾಗೆ ಆಗಬಾರದು. ಆದ್ದರಿಂದ ಇವು ಎಲೆಕ್ಟ್ರಾನಿಗಿಂತ ಭಾರವಾದ ಬೇರೆಯೇ ಕಣ ಇರಬೇಕು ಅಂತ ಭಾಭಾ ವಾದಿಸಿದರು. ಅಮೆರಿಕದಲ್ಲಿ ಆಂಡರ್ಸನ್, ನೆಡರ್‌ಮೇಯರ್ ಇಬ್ಬರೂ 1936ರ ಹೊತ್ತಿಗೆ ಪ್ರಯೋಗದಲ್ಲಿ ಆ ಕಣದ ಜಾಡು ಹಿಡಿದಿದ್ದರು. ಅದೇ ನಮ್ಮ ಮ್ಯೂಯಾನ್. ಎಲೆಕ್ಟ್ರಾನಿಗಿಂತ 207 ಪಟ್ಟು ಭಾರ.

ಈಗ ಬೋರ್ಡಿನ ಮೇಲಿನ ಲೆಕ್ಕಕ್ಕೆ ಬರೋಣ. 1938ರಲ್ಲಿ ಭಾಭಾ ನೇಚರ್ ಪತ್ರಿಕೆಗೆ ಒಂದು ಚಿಕ್ಕ ಟಿಪ್ಪಣಿ ಬರೆದರು. ಆಗ ಅವರಿಗೆ 28 ವರ್ಷ. ಅದರಲ್ಲಿ ಹೇಳಿದ್ದು ಇಷ್ಟು. ಈ ಭಾರದ ಕಣ ತಾನಾಗಿ ಒಡೆದುಹೋಗುವಂಥದ್ದಾದರೆ, ಅದನ್ನು ಒಂದು ಗಡಿಯಾರ ಅಂತಲೇ ತಿಳಿಯಬಹುದು. ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಓಡುವ ಗಡಿಯಾರ ನಿಂತ ಗಡಿಯಾರಕ್ಕಿಂತ ನಿಧಾನ. ಹಾಗಾದರೆ ವೇಗವಾಗಿ ಓಡುವ ಕಣ ನಮ್ಮ ಲೆಕ್ಕದಲ್ಲಿ ಹೆಚ್ಚು ಹೊತ್ತು ಬದುಕಿರಬೇಕು.

ನಾನು ಇದನ್ನು ಮೂರು ಸಲ ಓದಿದೆ. ಕೊನೆಗೆ ಮೇಷ್ಟ್ರು ಹೀಗೆ ಹೇಳಿಕೊಟ್ಟರು. ಮೊದಲ ಮಳೆ ಬಂದ ರಾತ್ರಿ ದೀಪಕ್ಕೆ ಮುತ್ತುವ ಈಸಲು ಹುಳ ಇದೆಯಲ್ಲ, ಬೆಳಗಾಗುವುದರೊಳಗೆ ರೆಕ್ಕೆ ಉದುರಿ ಬಿದ್ದಿರುತ್ತದೆ. ಅದು ನಮ್ಮೂರಿಂದ ದೆಹಲಿಗೆ ಹಾರಿಹೋಯಿತು ಅಂದರೆ ನಾವು ನಂಬುವುದಿಲ್ಲ. ಆದರೆ ಅದು ಹಾರುವಾಗ ಅದರ ಪಾಲಿನ ಒಂದು ರಾತ್ರಿಯೇ ನಮ್ಮ ಪಾಲಿಗೆ ಒಂದೂವರೆ ತಿಂಗಳಷ್ಟು ಉದ್ದ ಆಗಿಬಿಟ್ಟರೆ? ಹುಳಕ್ಕೆ ಆಯಸ್ಸು ಹೆಚ್ಚಾಗಲಿಲ್ಲ, ಅದರ ಲೆಕ್ಕದಲ್ಲಿ ಅದು ಒಂದೇ ರಾತ್ರಿ ಬದುಕಿತು. ನೆಲಕ್ಕೆ ಬರುವ ಸಾಮಾನ್ಯ ಮ್ಯೂಯಾನಿನ ವೇಗಕ್ಕೆ ಕಾಲ ಸುಮಾರು 40 ಪಟ್ಟು ಹಿಗ್ಗುತ್ತದೆ. 660 ಮೀಟರನ್ನು 40ರಿಂದ ಗುಣಿಸಿ ನೋಡಿ. 26 ಕಿಲೋಮೀಟರಿಗಿಂತ ಹೆಚ್ಚು. 15 ಕಿಲೋಮೀಟರ್ ದಾಟಿ ಬರುವುದಕ್ಕೆ ಧಾರಾಳ ಸಾಕು. ಮೂರು ವರ್ಷದ ನಂತರ, 1941ರಲ್ಲಿ, ರೊಸ್ಸಿ ಮತ್ತು ಹಾಲ್ ಎಂಬುವರು ಅಮೆರಿಕದ ಕೊಲೊರಾಡೊ ಬೆಟ್ಟದ ಮೇಲೂ ಕೆಳಗೂ ಈ ಕಣಗಳನ್ನು ಎಣಿಸಿ, ಕಾಲ ಹಿಗ್ಗುವುದು ನಿಜ ಅಂತ ತೋರಿಸಿದರು. ನಮ್ಮ 48 ಇತ್ತಲ್ಲ, ಅದರಲ್ಲೂ ಅದೇ ಇದೆ. ಕಾಲ ಹಿಗ್ಗದಿದ್ದರೆ ಆವತ್ತು ನಮ್ಮ ಶಾಲೆಯ ಬೆಂಚಿನ ಮೇಲೆ ಲೆಕ್ಕ ಹೆಚ್ಚುಕಡಿಮೆ ಸೊನ್ನೆ ಆಗುತ್ತಿತ್ತು.

ಹೆಸರಿನ ವಿಷಯ ಕನ್ನಡ ಮೇಷ್ಟ್ರಿಗೆ ಇಷ್ಟ ಆಗುತ್ತದೆ. ಈ ಕಣಕ್ಕೆ ಆಗ ಮೆಸೊಟ್ರಾನ್ ಅಂತ ಕರೆಯುತ್ತಿದ್ದರು. ಮೆಸೊಸ್ ಅಂದರೆ ಗ್ರೀಕ್ ಭಾಷೆಯಲ್ಲಿ ನಡುವಿನದು. ಎಲೆಕ್ಟ್ರಾನ್, ನ್ಯೂಟ್ರಾನ್ ಪದಗಳಲ್ಲಿ ಟ್ರ ಅಕ್ಷರ ಮೂಲ ಧಾತುವಿನಲ್ಲೇ ಇದೆ, ಮೆಸೊಸ್‌ನಲ್ಲಿ ಇಲ್ಲವೇ ಇಲ್ಲ, ಹಾಗಿರುವಾಗ ಅದನ್ನು ಎಲ್ಲಿಂದಲೋ ತಂದು ತುರುಕುವುದು ಸರಿಯಲ್ಲ ಅಂತ 1939ರಲ್ಲಿ ಭಾಭಾ ಬರೆದರು. ಮೆಸಾನ್ ಅಂದರೆ ಸಾಕು ಅಂದರು. ಹೆಸರು ನಿಂತಿತು. ತಮಾಷೆ ಏನು ಅಂದರೆ, 1947ರಲ್ಲಿ ನಿಜವಾದ ಮೆಸಾನ್ ಬೇರೆ ಸಿಕ್ಕಿ, ಹೆಸರು ಆ ಕಡೆ ಹೋಗಿ, ನಮ್ಮ ಕಣ ಎಲೆಕ್ಟ್ರಾನಿನ ಭಾರದ ಅಣ್ಣ ಅಂತ ತೀರ್ಮಾನವಾಯಿತು.

1939ರಲ್ಲಿ ಭಾಭಾ ರಜೆಗೆ ಅಂತ ಭಾರತಕ್ಕೆ ಬಂದಿದ್ದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಕೇಂಬ್ರಿಜ್‌ಗೆ ಹಿಂದಿರುಗುವುದು ಆಗಲಿಲ್ಲ. ಆಗ ಅವರು ಸೇರಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ. ಭೌತಶಾಸ್ತ್ರ ವಿಭಾಗದಲ್ಲಿ ಸರ್ ಸಿ. ವಿ. ರಾಮನ್ ಇದ್ದರು. ಟಾಟಾ ಟ್ರಸ್ಟಿನ ಹಣದಿಂದ ವಿಶ್ವಕಿರಣ ಸಂಶೋಧನೆಗೆ ಒಂದು ಘಟಕ ಮಾಡಿದರು. ವಿಕ್ರಮ್ ಸಾರಾಭಾಯಿ ಕೂಡ ಆ ದಿನಗಳಲ್ಲಿ ಅಲ್ಲೇ ಇದ್ದು ವಿಶ್ವಕಿರಣಗಳ ಮೇಲೆ ಕೆಲಸ ಮಾಡುತ್ತಿದ್ದರು. 1941ರಲ್ಲಿ ಭಾಭಾ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು.

ಅಲ್ಲಿಯವರೆಗೆ ಅವರದು ಕಾಗದದ ಮೇಲಿನ ಲೆಕ್ಕ. ಬೆಂಗಳೂರಿನಲ್ಲಿ ಎಣಿಸುವ ಕೆಲಸವೂ ಶುರುವಾಯಿತು. ಆಗ ಸಿಲಿಕಾನ್ ಚೂರು ಎಲ್ಲಿತ್ತು? ಇದ್ದದ್ದು ಗೈಗರ್ ಕೌಂಟರ್ ಎಂಬ ಕೊಳವೆಗಳು. ಒಳಗೆ ಅನಿಲ, ನಡುವೆ ಒಂದು ತಂತಿ, ನೂರಾರು ವೋಲ್ಟ್ ಕರೆಂಟು. ಅವನ್ನು ಒಂದರ ಮೇಲೆ ಒಂದು ಜೋಡಿಸಿ, ಎಲ್ಲವೂ ಒಟ್ಟಿಗೆ ಮಿಡಿದರೆ ಮಾತ್ರ ಲೆಕ್ಕ. ಉಪಾಯ ಅದೇ, ನಮ್ಮ ಎರಡು ಬಿಲ್ಲೆಗಳದ್ದೇ. ಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಬರುತ್ತಿದ್ದ ಅಮೆರಿಕದ ವಾಯುಪಡೆಯ ವಿಮಾನಗಳಲ್ಲಿ ಈ ಕೊಳವೆಗಳನ್ನು ಸುಮಾರು 30,000 ಅಡಿ ಎತ್ತರಕ್ಕೆ ಕಳಿಸಿ ಎಣಿಸಿದರು. ಭೂಮಿಯ ಅಯಸ್ಕಾಂತ ಶಕ್ತಿ ಒಂದೊಂದು ಅಕ್ಷಾಂಶದಲ್ಲಿ ಒಂದೊಂದು ಥರ ಕಿರಣಗಳನ್ನು ತಡೆಯುತ್ತದೆ. ಬೆಂಗಳೂರು ಸಮಭಾಜಕ ವೃತ್ತಕ್ಕೆ ಹತ್ತಿರ ಇರುವುದರಿಂದ ಇಲ್ಲಿಯ ಲೆಕ್ಕವನ್ನು ದೂರದ ಉತ್ತರ ದೇಶಗಳ ಲೆಕ್ಕದ ಜೊತೆ ಇಟ್ಟು ನೋಡಿದರು. 1945ರಲ್ಲಿ ಅದು ಪ್ರಕಟವಾಯಿತು.

ಯುದ್ಧ ಮುಗಿದ ಮೇಲೆ ವಾಪಸ್ಸು ಹೋಗಬಹುದಿತ್ತು. ಭಾಭಾ ಹೋಗಲಿಲ್ಲ. 1944ರ ಮಾರ್ಚ್‌ನಲ್ಲೇ, ಅಂದರೆ ಸ್ವಾತಂತ್ರ್ಯ ಬರುವುದಕ್ಕೂ ಮೂರು ವರ್ಷ ಮೊದಲು, ದೊರಾಬ್‌ಜಿ ಟಾಟಾ ಟ್ರಸ್ಟಿಗೆ ಒಂದು ಕಾಗದ ಬರೆದಿದ್ದರು. ನಮ್ಮ ದೇಶದಲ್ಲಿ ಮೂಲ ವಿಜ್ಞಾನದ ಒಂದು ಒಳ್ಳೆ ಸಂಸ್ಥೆ ಕಟ್ಟಬೇಕು, ಮುಂದೆ ಪರಮಾಣುವಿನಿಂದ ವಿದ್ಯುತ್ ಮಾಡುವ ಕಾಲ ಬಂದಾಗ ತಜ್ಞರಿಗಾಗಿ ಹೊರದೇಶದ ಕಡೆ ನೋಡಬಾರದು ಅಂತ. ಆಗಿನ್ನೂ ಅಣುಬಾಂಬು ಕೂಡ ಸಿಡಿದಿರಲಿಲ್ಲ ಅನ್ನುವುದನ್ನು ಗಮನಿಸಿ. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹುಟ್ಟಿದ್ದು ಬೆಂಗಳೂರಿನಲ್ಲೇ. ಆರು ತಿಂಗಳೊಳಗೆ ಮುಂಬಯಿಗೆ ಹೋಯಿತು. ಅಲ್ಲಿ ಮೊದಲು ಜಾಗ ಸಿಕ್ಕಿದ್ದು ಅವರ ಅತ್ತೆಯ ಬಂಗಲೆಯಲ್ಲಿ. ಭಾಭಾ ಹುಟ್ಟಿದ್ದೂ ಅದೇ ಮನೆಯಲ್ಲಿ.

ಅಣುಶಕ್ತಿಯ ಭಾಗ ಎಲ್ಲ ಪುಸ್ತಕದಲ್ಲೂ ಇರುತ್ತದೆ, ಅದಕ್ಕೆ ಬೇಗ ಹೇಳಿ ಮುಗಿಸುತ್ತೇನೆ. 1948ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರು. 1956ರಲ್ಲಿ ಟ್ರಾಂಬೆಯಲ್ಲಿ ದೇಶದ ಮೊದಲ ರಿಯಾಕ್ಟರ್ ಅಪ್ಸರಾ. 1955ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ಅಣುಶಕ್ತಿ ಸಮ್ಮೇಳನಕ್ಕೆ ಅವರದೇ ಅಧ್ಯಕ್ಷತೆ. ಇವೆಲ್ಲದರ ನಡುವೆ ಅವರು ಚಿತ್ರ ಬರೆಯುತ್ತಿದ್ದರು, ಪಾಶ್ಚಾತ್ಯ ಸಂಗೀತ ಕೇಳುತ್ತಿದ್ದರು, ಮದುವೆ ಆಗಲಿಲ್ಲ. ಕಟ್ಟಡಕ್ಕೆ ಮರ ಅಡ್ಡ ಬಂದರೆ ಕಡಿಯಲು ಬಿಡುತ್ತಿರಲಿಲ್ಲ, ಬೇರು ಸಮೇತ ಕೀಳಿಸಿ ಬೇರೆ ಕಡೆ ನೆಡಿಸುತ್ತಿದ್ದರು. ನಮ್ಮೂರ ರಸ್ತೆ ಅಗಲ ಮಾಡಿದಾಗ ಹೋದ ಹುಣಸೆ ಮರಗಳು ನನಗೆ ಇಲ್ಲಿ ನೆನಪಾದವು.

ಈಗ ತಾತನ ಕಥೆ. ಕಣಗಳನ್ನು ಎತ್ತರದಲ್ಲಿ ಎಣಿಸಿ ಆಗಿತ್ತು. ಆಳದಲ್ಲಿ ಎಣಿಸಬೇಕು ಅಂತ ಭಾಭಾಗೆ ಮನಸ್ಸಾಯಿತು. ಬಂಡೆಯ ಕೆಳಗೆ ಹೋದಷ್ಟೂ ಬಡಪಾಯಿ ಮ್ಯೂಯಾನುಗಳು ನಿಂತುಹೋಗಿ, ಬಹಳ ಜೋರಿನವು ಮಾತ್ರ ಉಳಿಯುತ್ತವೆ. ಅದಕ್ಕೆ ಪ್ರಪಂಚದಲ್ಲೇ ಬಹಳ ಆಳದ ಗಣಿಗಳಲ್ಲಿ ಒಂದು ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತಲ್ಲ! 1951ರ ಸುಮಾರಿಗೆ ತಮ್ಮ ಸಂಸ್ಥೆಗೆ ಸೇರಿದ್ದ ಯುವಕ, ನಂಜನಗೂಡು ಕಡೆಯ ಬಿ. ವಿ. ಶ್ರೀಕಂಠನ್ ಅವರನ್ನು ಕೆ.ಜಿ.ಎಫ್.ಗೆ ಕಳಿಸಿದರು. ಶ್ರೀಕಂಠನ್ ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು, 2019ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಅವರ ಸಂಸ್ಥೆಯವರು ಇನ್ನೂ ಕೆಳಗೆ, 2.7 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಅಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಯಾನ್ ಬರಲಿಲ್ಲ.

ಸೊನ್ನೆ ಬಂದರೆ ಬೇಸರ ಆಗಬೇಕು. ಇವರಿಗೆ ಆಗಲಿಲ್ಲ. ಮೇಲಿನಿಂದ ಯಾರೂ ಬಾರದ ಜಾಗದಲ್ಲಿ ಪಕ್ಕದಿಂದ ಒಂದು ಮ್ಯೂಯಾನ್ ಬಂದರೆ, ಅದು ಭೂಮಿಯನ್ನೇ ತೂರಿ ಬರುವ ನ್ಯೂಟ್ರಿನೋ ಎಂಬ ಕಣ ಬಂಡೆಗೆ ತಾಗಿ ಹುಟ್ಟಿದ್ದೇ ಇರಬೇಕು. ಹೀಗೆ ಯೋಚಿಸಿ ಟಾಟಾ ಸಂಸ್ಥೆಯವರು, ಜಪಾನಿನ ಒಸಾಕದವರು, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಯಂತ್ರ ನಿಲ್ಲಿಸಿದರು. ಮಲಗಿಸಿ ಅಲ್ಲ, ಗೋಡೆಯ ಹಾಗೆ ನೆಟ್ಟಗೆ, ಪಕ್ಕದಿಂದ ಬರುವುದನ್ನು ಹಿಡಿಯಲಿಕ್ಕೆ. ಗೋಡೆಯಲ್ಲಿದ್ದದ್ದು ನಮ್ಮ ಬಿಲ್ಲೆಯ ಜಾತಿಯದೇ ಪ್ಲಾಸ್ಟಿಕ್. ಬೆಳಕು ನೋಡಲು ಸಿಲಿಕಾನ್ ಬದಲು ಸಾವಿರಕ್ಕೂ ಹೆಚ್ಚು ವೋಲ್ಟ್ ಬೇಕಾಗುವ ಗಾಜಿನ ದೊಡ್ಡ ಬುರುಡೆಗಳು. ಕಣ ಹೋದ ದಾರಿ ತೋರಿಸಲು ನಿಯಾನ್ ತುಂಬಿದ ಕೊಳವೆಗಳ ಸಾಲು.

ತಾತ ಆಗ ಇಪ್ಪತ್ತರ ಹುಡುಗ. ಕೇಜಿನಲ್ಲಿ ಕೆಳಗೆ ಇಳಿದು ಸಾಮಾನು ಹೊರುವ ಕೆಲಸ. ಮೈಮೇಲೆ ಬಟ್ಟೆ ನಿಲ್ಲದ ಬಿಸಿ, ಉಸಿರಾಡಿದರೆ ಧೂಳು. ಅಂಥ ಜಾಗದಲ್ಲಿ ಒಂದು ಕಡೆ ಮಾತ್ರ ಶುಭ್ರವಾಗಿ ಗುಡಿಸಿ, ಯಾರೂ ಬರಬಾರದು ಅಂತ ಮಾಡಿದ್ದರಂತೆ. ಒಮ್ಮೆ ಪೆಟ್ಟಿಗೆ ಇಳಿಸುವಾಗ ತಾತ ಇಣುಕಿ ನೋಡಿದರು. ಕತ್ತಲಲ್ಲಿ ಗೋಡೆಯೊಂದು ಕೆಂಪಗೆ ಮಿನುಗಿ ಆರಿಹೋಯಿತು. ಅದೇನು ಅಂತ ಕೇಳಿದ್ದಕ್ಕೆ, ಕಾಣದ್ದನ್ನು ಎಣಿಸುತ್ತಿದ್ದೇವೆ ಅಂದರಂತೆ. ಇವರೆಲ್ಲ ಬಿಸಿಗೆ ತಲೆ ಕೆಟ್ಟವರು ಅಂತ ಕೂಲಿಯವರು ಮಾತಾಡಿಕೊಂಡು ನಕ್ಕರಂತೆ. ಇಷ್ಟು ವರ್ಷ ತಾತ ಅದನ್ನು ಯಾರಿಗೂ ಹೇಳಿರಲಿಲ್ಲ, ನಂಬುವುದಿಲ್ಲ ಅಂತ. ನಾನು ನಮ್ಮ ಲೆಕ್ಕದ ಚೀಟಿ ತೋರಿಸಿದಾಗ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಆ ಗಣಿಯಲ್ಲಿ ಅಷ್ಟು ವರ್ಷ ದುಡಿದದ್ದಕ್ಕೆ ಅವರ ಕೈಗೆ ಬಂದದ್ದು ಕೆಮ್ಮು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು.

ಆ ಗೋಡೆ ಹಿಡಿದ ನ್ಯೂಟ್ರಿನೋದ ಸುದ್ದಿ 1965ರ ಆಗಸ್ಟ್ 15ರ ಸಂಚಿಕೆಯಲ್ಲಿ ಪ್ರಕಟವಾಯಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಸಿಕ್ಕ ಮೊದಲ ವರದಿ ಅದು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಕೆಲಸ ಮಾಡುತ್ತಿದ್ದವರ ವರದಿ ಅದೇ ತಿಂಗಳು ಎರಡು ವಾರ ತಡವಾಗಿ ಬಂತು. ಭಾಭಾ ಇದನ್ನು ನೋಡಿದರು ಅನ್ನುವುದೇ ನನಗೆ ಸಮಾಧಾನ. ಯಾಕಂದ್ರೆ ಆಮೇಲೆ ಅವರಿಗೆ ಉಳಿದದ್ದು ಐದೇ ತಿಂಗಳು. 1966ರ ಜನವರಿ 24ರಂದು ಅವರು ಜಿನೀವಾಕ್ಕೆ ಹೋಗುತ್ತಿದ್ದ ಏರ್ ಇಂಡಿಯಾದ ಕಾಂಚನಜುಂಗಾ ಎಂಬ ವಿಮಾನ ಯುರೋಪಿನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು 117 ಜನವೂ ಸತ್ತರು. ಭಾಭಾಗೆ 56 ವರ್ಷ. ಟ್ರಾಂಬೆಯ ಕೇಂದ್ರಕ್ಕೆ ಮರುವರ್ಷ ಅವರ ಹೆಸರಿಟ್ಟರು.

ಕಾಲೇಜಿನ ಅಕ್ಕ ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಪೆಟ್ಟಿಗೆಯನ್ನು ಮತ್ತೆ ತರುತ್ತೇನೆ, ಒಂದು ವಾರ ಇಲ್ಲೇ ಬಿಡುತ್ತೇನೆ ಅಂತ ಮೇಷ್ಟ್ರಿಗೆ ಹೇಳಿದ್ದಾರೆ. ಅಷ್ಟು ಹೊತ್ತಿಗೆ ನಾನು ಈ ಶಾಲೆಯಲ್ಲಿ ಇರುವುದಿಲ್ಲ. ಪಿಯುಸಿಯೋ ಐಟಿಐಯೋ, ಫಲಿತಾಂಶ ಬಂದ ಮೇಲೆ ಗೊತ್ತು. ಆದ್ದರಿಂದ ಒಂಬತ್ತನೇ ತರಗತಿಯವರಿಗೆ ಒಂದು ಕೆಲಸ ಬಿಟ್ಟುಹೋಗುತ್ತೇನೆ. ನಮ್ಮ ಹೊಲದಲ್ಲಿ 40 ಅಡಿಯ ಹಳೇ ತೆರೆದ ಬಾವಿ ಇದೆ, ನೀರಿಲ್ಲ, ಮೆಟ್ಟಿಲು ಗಟ್ಟಿ ಇದೆ. ತಾತ ಒಪ್ಪಿದ್ದಾರೆ, ದೊಡ್ಡವರು ಒಬ್ಬರು ಜೊತೆಗಿರಬೇಕು ಅಷ್ಟೇ. ಪೆಟ್ಟಿಗೆಯನ್ನು ತಳದಲ್ಲಿ ಇಟ್ಟು 10 ನಿಮಿಷ ಎಣಿಸಿ. ಆಮೇಲೆ ಪಕ್ಕಕ್ಕೆ ಮಲಗಿಸಿ 10 ನಿಮಿಷ ಎಣಿಸಿ. 48 ಎಷ್ಟಾಗುತ್ತದೆ? 9 ಎಷ್ಟಾಗುತ್ತದೆ? ಕೆಳಗೆ ಇಳಿದ ಮೇಲೆ ಎರಡೂ ಕಡಿಮೆ ಆಗಲೇಬೇಕು ಅಂತ ತಾತ ಹೇಳುತ್ತಾರೆ. ಬಾವಿಗೆ ಬಾಯಿ ಇದೆ, ಗಣಿಗೆ ಇರಲಿಲ್ಲ, ಅಂತ ನಾನು ಹೇಳುತ್ತಿದ್ದೇನೆ. ನಿಮ್ಮ ಊಹೆಯನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕಿ, ಈ ಹಾಳೆಯ ಕೆಳಗೆ ಅಂಟಿಸಿ. ಅಂಟು ಮೇಷ್ಟ್ರ ಮೇಜಿನ ಮೇಲೆ ಇದೆ.